ಐಸಿಗೆ ಬಗ್ಗದ ಗುಂಡಿಗೆ

ಹಾವುಮೀನಿನ ಗುಂಡಿಗೆಯಷ್ಟು ಮೊಂಡು ಗುಂಡಿಗೆಯನ್ನು ನಾನು ಕಂಡಿಲ್ಲ. ಮೀನು ಐಸಿನ ಪೆಟ್ಟಿಗೆಯಲ್ಲಿ ಎರಡು ದಿನ ಬಿದ್ದಿದ್ದರೂ ಗುಂಡಿಗೆ ನಿಲ್ಲುವುದಿಲ್ಲ, ಬಡಿತ ನಿಧಾನವಾಗುತ್ತದೆ ಅಷ್ಟೆ. ಆದರೆ ಕೊಳ್ಳುವವರ ಕಣ್ಣೆದುರು ಮೀನು ಹೊರಳಾಡಬೇಕು. ಅದಕ್ಕೇ ನಾವು ಅದನ್ನು ತೆಗೆದು ಒದ್ದೆ ಹಲಗೆಗೆ ಎರಡು ಸಲ ಅಪ್ಪಳಿಸುತ್ತೇವೆ. ತಕ್ಷಣ ಕೈಗೆ ಸುತ್ತಿಕೊಳ್ಳುತ್ತದೆ. ಇಪ್ಪತ್ತೆರಡು ವರ್ಷದಿಂದ ಮೀನು ಮಂಡಿಯಲ್ಲಿ ನನ್ನದು ಇದೇ ಕೆಲಸ.

ಅಕ್ಕನ ಗಂಡ, ನನ್ನ ಭಾವ, ಅದೇ ಮಂಡಿಯ ಐಸ್ ಕೋಣೆಯಲ್ಲಿ ಐಸ್ ಒಡೆಯುತ್ತಿದ್ದ. ಆವತ್ತು ಬೆಳಿಗ್ಗೆ ಅಕ್ಕ ಮುರಿದ ಕೈಯನ್ನು ಟವೆಲಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಕೇಳಿದರೆ ಬಿದ್ದೆ ಎಂದಳು. ನಾನು ನೇರ ಐಸ್ ಕೋಣೆಗೆ ನುಗ್ಗಿದೆ.

"ಬಿದ್ದೆ ಅಂತ ಅವಳೇ ಹೇಳಿದಳಲ್ಲ, ಭಾಮೈದ. ಇನ್ನೊಂದು ಕೈ ಇದೆ, ಅಡುಗೆಗೆ ಸಾಕು" ಎಂದು ಭಾವ ನಕ್ಕ.

ಅವನ ಮೂಗು ಒಡೆದೆ. ಎರಡು ಹಲ್ಲು ಉದುರಿದವು. ಅವನು ಐಸ್ ಎಳೆಯುವ ಕೊಕ್ಕೆ ಬೀಸಿ ನನ್ನ ಭುಜ ಸೀಳಿದ. ನಾನು ಅವನ ಎದೆಗೆ ಒದ್ದೆ. ಅವನು ಐಸಿನ ರಾಶಿಯ ಮೇಲೆ ಬೀಳುತ್ತಲೇ ಹೊರಗೆ ಬಂದು ಚಿಲಕ ಜಡಿದೆ. ಸ್ವಲ್ಪ ಹೊತ್ತು ನಡುಗಲಿ ಎಂದುಕೊಂಡೆ. ಭುಜಕ್ಕೆ ಹೊಲಿಗೆ ಹಾಕಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು.

ಬಾಗಿಲು ತೆಗೆದರೆ ಭಾವ ಸೆಟೆದು ಬಿದ್ದಿದ್ದ. ಮೈ ನೀಲಿ. ನಾನೂ ಮಂಡಿಯವರೂ ಎತ್ತಿ ಹಲಗೆಯ ಮೇಲೆ ಮಲಗಿಸಿದೆವು. ಕೊಂದೆ ಎಂದುಕೊಂಡೆ. ನಮ್ಮಲ್ಲಿ ಹಳಬನಾದ ತಾತ ಅವನ ಗಂಟಲಿಗೆ ಬೆರಳಿಟ್ಟು, ಬಡಿತಕ್ಕೆ ಕಾಯುತ್ತ ಮೆಲ್ಲಗೆ ಎಣಿಸಿದ. ಹದಿನೈದು ದಾಟಿದ ಮೇಲೆ ತಲೆ ಎತ್ತಿದ.

"ಬಡೀತಿದೆ. ಬೇಗ ಎಬ್ಬಿಸೋ."

ನಮಗೆ ಗೊತ್ತಿದ್ದದ್ದು ಒಂದೇ ದಾರಿ. ಕಾಲರ್ ಹಿಡಿದೆತ್ತಿ ಹಲಗೆಗೆ ಅಪ್ಪಳಿಸಿದೆ. ಇನ್ನೊಂದು ಸಲ ಅಪ್ಪಳಿಸಿದೆ. ತಾತ ಮತ್ತೆ ಬೆರಳಿಟ್ಟ. ನೂರು ದಾಟಿದರೂ ತಲೆ ಎತ್ತಲಿಲ್ಲ.

ತಣ್ಣಗಾದ ಮನುಷ್ಯನನ್ನು ಗಾಜಿನಂತೆ ಎತ್ತಬೇಕು, ಕುಲುಕಿದರೆ ಗುಂಡಿಗೆ ನಿಂತುಬಿಡುತ್ತದೆ, ಅವನೇನು ಮೀನಲ್ಲ ಎಂದು ಡಾಕ್ಟರು ಆಮೇಲೆ ಬೈದರು.

ಠಾಣೆಯಲ್ಲಿ ಅಕ್ಕ ಬಂದು ಪಕ್ಕದಲ್ಲಿ ಕೂತಳು. ಅಳಲಿಲ್ಲ.

"ಎಬ್ಬಿಸೋಕೆ ಬಡಿದೆಯಾ, ಸಾಯಲಿ ಅಂತ ಬಡಿದೆಯಾ? ನನಗಾದರೂ ನಿಜ ಹೇಳು."

ಮೊದಲನೆಯದು ಎಬ್ಬಿಸೋಕೆ ಎಂದೆ. ಎರಡನೆಯದು? ಎಂದು ಕೇಳಿದಳು. ಆಗ ಅವನ ಒಡೆದ ಬಾಯಿ ನಕ್ಕ ಹಾಗೆ ಕಂಡಿತ್ತು ಎಂದೆ.

ಅಕ್ಕ ಎದ್ದುಹೋಗಿ ಎದುರಿನ ಬೆಂಚಿನ ಮೇಲೆ ಕೂತಳು.