ಹಣೆಯ ಭಾರ

ನಾನು ಒಂದು ಪೆಡಲ್. ಸೈಕಲ್ಲಿನದಲ್ಲ, ಹೊಲಿಗೆ ಯಂತ್ರದ್ದೂ ಅಲ್ಲ. ಹಾಡುವವರ ಪಾದದ ಬಳಿ ನೆಲದ ಮೇಲೆ ಕೂರುವ ತಗಡಿನ ಪೆಟ್ಟಿಗೆ. ನನ್ನ ನೆತ್ತಿಯ ಮೇಲೆ ಎರಡು ಗುಂಡಿಗಳಿವೆ. ಬೆನ್ನಿನಿಂದ ಹೊರಟ ವೈರು ಲ್ಯಾಪ್‌ಟಾಪನ್ನು ಸೇರುತ್ತದೆ. ಮನುಷ್ಯರ ಮುಖವನ್ನು ನಾನು ಕಂಡದ್ದು ಕಡಿಮೆ. ಹೆಚ್ಚಾಗಿ ಕಂಡದ್ದು ಪಾದಗಳನ್ನೇ.

ಹುಟ್ಟಿದ್ದು ಗದಗಿನಲ್ಲಿ, ದಾವಲಸಾಬರ ಅಂಗಡಿಯಲ್ಲಿ. ಮೈಕು, ಆಂಪ್ಲಿಫೈಯರ್ ರಿಪೇರಿ ಅವರ ಕಸುಬು. ಹುಬ್ಬಳ್ಳಿಯ ಒಬ್ಬ ಗಿಟಾರಿನವನು ಹೇಳಿ ಮಾಡಿಸಿದ್ದರಿಂದ ನಾನು ಹುಟ್ಟಿದೆ. ಹಳೆಯ ರೇಡಿಯೋ ಒಂದರ ತಗಡು ನನ್ನ ಮೈಯಾಯಿತು. ಬೆಸುಗೆಯ ಹೊಗೆ ನನ್ನ ಮೊದಲ ಉಸಿರು.

ನನ್ನ ಕೆಲಸ ಸರಳ. ಎಡಗುಂಡಿ ಒತ್ತಿದರೆ ಲ್ಯಾಪ್‌ಟಾಪು ದನಿಯನ್ನು ಹಿಡಿಯತೊಡಗುತ್ತದೆ. ಮತ್ತೊಮ್ಮೆ ಒತ್ತಿದರೆ ಹಿಡಿದಷ್ಟೂ ಸುತ್ತಿ ಸುತ್ತಿ ನುಡಿಯುತ್ತದೆ. ಇದಕ್ಕೆ ಲೂಪ್ ಎನ್ನುತ್ತಾರೆ. ಅದರ ಮೇಲೆ ಇನ್ನೊಂದು ದನಿ, ಮತ್ತೊಂದು ದನಿ ಕೂಡಿಸುತ್ತ ಹೋಗಬಹುದು. ಹೀಗೆ ಒಬ್ಬರೇ ನಿಂತು ಮೇಳವಾಗಬಹುದು. ಬಲಗುಂಡಿ ನುಡಿಸುವುದಕ್ಕೆ ಮತ್ತು ನಿಲ್ಲಿಸುವುದಕ್ಕೆ. ಅದನ್ನು ಒತ್ತಿ ಹಾಗೆಯೇ ಹಿಡಿದರೆ ಎಲ್ಲವೂ ಅಳಿಸಿಹೋಗುತ್ತದೆ, ಮತ್ತೆ ತರಲಾಗುವುದಿಲ್ಲ.

ಹುಬ್ಬಳ್ಳಿಯ ಬಾಳು ನನಗೆ ಒಗ್ಗಲಿಲ್ಲ. ಗಿಟಾರಿನವನು ಬೂಟು ಹಾಕಿಕೊಂಡೇ ತುಳಿಯುತ್ತಿದ್ದ. ನಾನು ಬಂದ ಮೇಲೆ ಅವನ ಆರ್ಕೆಸ್ಟ್ರಾದಲ್ಲಿ ಢೋಲಕ್ ಬಾರಿಸುವವನಿಗೆ ಕೆಲಸ ಇಲ್ಲದಾಯಿತು. ಆತ ಕೊನೆಯ ದಿನ ನನ್ನನ್ನು ಕಾಲಿಂದ ಸರಿಸಿ, ಗಿಟಾರಿನವನಿಗೆ “ಊಟ ಕೇಳಂಗಿಲ್ಲ, ಚಾ ಕೇಳಂಗಿಲ್ಲ. ನಿನಗ ಇಂಥಾದ್ದ ಬೇಕಾಗಿತ್ತಲೇ!” ಎಂದು ಹೋದ. ಮುಂದೆ ಆರ್ಕೆಸ್ಟ್ರಾವೇ ನಿಂತಿತು. ನಾನು ಮರಳಿ ದಾವಲಸಾಬರ ಕಪಾಟಿಗೆ ಬಂದೆ.

ಅಲ್ಲಿಂದ ನನ್ನನ್ನು ಕೊಂಡವಳು ಮುಕ್ತಾ. ಹೆಣ್ಣುಮಕ್ಕಳ ಶಾಲೆಯ ಸಂಗೀತ ಟೀಚರು. ಬೆಟಗೇರಿಯಲ್ಲಿ ವಿಧವೆ ತಾಯಿಯೊಂದಿಗೆ ಇದ್ದಳು. ಕೊಳ್ಳುವಾಗಲೇ ಒಂದು ಮಾತು ಹೇಳಿದಳು: “ಸಾಬ್ರ, ಗುಂಡಿ ಭಾಳ ಬಿರುಸು ಅದಾವು. ಮೆತ್ತಗ ಮಾಡಿ ಕೊಡ್ರಿ. ನಾ ಬರಿಗಾಲಿಲೇ ಒತ್ತಾಕಿ. ಚಪ್ಪಲಿ ಹಾಕ್ಕೊಂಡು ಒತ್ತಿದ್ರ ನಮ್ಮವ್ವ ಮನಿಯಾಗ ಇರಗೊಡಂಗಿಲ್ಲ.” ದಾವಲಸಾಬರು ನಕ್ಕು, ಹೂವಿನ ಭಾರಕ್ಕೂ ತಗ್ಗುವಂಥ ಗುಂಡಿಗಳನ್ನು ಕೂರಿಸಿಕೊಟ್ಟರು.

ತಾಯಿ ಗುರಸಿದ್ದವ್ವ ನಿತ್ಯ ಲಿಂಗಪೂಜೆ ತಪ್ಪಿಸದ ಹೆಣ್ಣುಮಗಳು. ಮೊದಲ ದಿನವೇ ಬಾಗಿಲಲ್ಲಿ ನಿಂತು ಕೇಳಿದಳು: “ಹಾಡೋ ಸಾಮಾನ ತುಳೀತಾರೇನವಾ? ಸರಸ್ವತಿ ಅಲ್ಲೇನು ಅದು?”

“ಅವ್ವಾ, ನಾಟಕ ಕಂಪನಿಯಾಗ ಹಾರ್ಮೋನಿಯಂ ಕಾಲಪೆಟ್ಟಿಗಿ ತುಳಿತಿದ್ದಿಲ್ಲೇನು?”

“ಅವರು ಮೊದಲ ಕೈ ಮುಗದು ತುಳಿತಿದ್ರು. ನೀ ಏನ್ ಮಾಡ್ತಿ?”

ಅಂದಿನಿಂದ ಮುಕ್ತಾ ಕಲಿಯಲು ನಿಲ್ಲುವ ಮೊದಲು ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಕಲಿಕೆ ಸುಲಭವಾಗಿರಲಿಲ್ಲ. ಗುಂಡಿಯನ್ನು ತುಸು ತಡವಾಗಿ ಒತ್ತಿದರೂ ಸುತ್ತಿನ ಕೊನೆಯಲ್ಲಿ ಒಂದು ಹಳ್ಳ ಉಳಿಯುತ್ತಿತ್ತು. ಪ್ರತಿ ಸುತ್ತಿನಲ್ಲೂ ಹಾಡು ಆ ಹಳ್ಳಕ್ಕೆ ಬಿದ್ದು ಏಳುತ್ತಿತ್ತು. ದನಿ ಲ್ಯಾಪ್‌ಟಾಪಿನೊಳಗೆ ಹೋಗಿ ಬರುವಷ್ಟರಲ್ಲಿ ಹಿಂದೆ ಬೀಳುತ್ತಿತ್ತು. ಅದನ್ನು ಸರಿಪಡಿಸಿಕೊಂಡಳು. ಪಾದವು ತಾಳಕ್ಕಿಂತ ಮೊದಲು ಹೊರಟು ತಾಳದ ಮೇಲೆಯೇ ಇಳಿಯಬೇಕು ಎಂಬುದನ್ನು ಬಹಳ ದಿನ ತಪ್ಪಿ ತಪ್ಪಿ ಅರಿತಳು. ಒಮ್ಮೆ ಅಡುಗೆಮನೆಯ ಕುಕ್ಕರಿನ ಸೀಟಿಯೂ ಸಿಕ್ಕಿಕೊಂಡಿತು. ಆಲಾಪದ ನಡುವೆ ಸುತ್ತು ಬಂದಾಗಲೆಲ್ಲ ಅದು ಕೂಗಿತು. ಗುರಸಿದ್ದವ್ವ ಸೌಟು ಹಿಡಿದುಕೊಂಡೇ ಬಂದು, “ನನ್ನ ಕುಕ್ಕರೂ ನಿನಗಿಂತ ಚಲೋ ಹಾಡತೈತಲ್ಲ!” ಎಂದಳು. ತಾಯಿ ಮಗಳು ನೆಲಕ್ಕೆ ಕೂತು ನಕ್ಕರು. ಆ ಮನೆಯಲ್ಲಿ ಅಂಥ ನಗು ನಾನು ಮತ್ತೆ ಕೇಳಲಿಲ್ಲ.

ಮುಕ್ತಾ ಯಾವುದನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. “ಇನ್ನೂ ಸರಿ ಬಂದಿಲ್ಲ” ಎಂದು ಬಲಗುಂಡಿ ಹಿಡಿದು ಅಳಿಸಿಬಿಡುತ್ತಿದ್ದಳು. ಒಂದು ಮುಂಜಾನೆ ಮಾತ್ರ ಸರಿ ಬಂತು. ಕೆಳಗೆ ಒಂದು ಶ್ರುತಿಯ ದನಿ, ಅದರ ಮೇಲೆ ಮೂರು ಎಳೆಗಳು, ಪದವಿಲ್ಲದ ಬರಿಯ ಆಲಾಪ. ಹಳ್ಳವಿರಲಿಲ್ಲ. ಶಾಲೆಗೆ ಹೊತ್ತಾಗಿತ್ತು. ಲ್ಯಾಪ್‌ಟಾಪಿನ ಮುಚ್ಚಳ ಹಾಕಿ, “ಅವ್ವಾ, ಇದನ್ನ ಮುಟ್ಟಬ್ಯಾಡ. ಸಂಜಿಗೆ ಬಂದು ಪದಾ ಕೂಡಸ್ತೀನಿ” ಎಂದು ಸ್ಕೂಟಿ ಹತ್ತಿ ಹೋದಳು.

ದಾರಿಯಲ್ಲಿ ಲಾರಿ ಬಡಿಯಿತು. ಅವಳ ಫೋನೂ ನುಜ್ಜುಗುಜ್ಜಾಯಿತು, ಅದರೊಳಗಿನ ಅವಳ ದನಿಯೂ ಹೋಯಿತು. ಸಂಜೆ ಮನೆಗೆ ಬಂದದ್ದು ಅವಳ ದೇಹ. ಜನರ ಪಾದಗಳು ಬಂದವು, ಹೋದವು. ನಾನು ಮೂಲೆಯಲ್ಲಿ ಕೇಳುತ್ತ ಇದ್ದೆ. ಲ್ಯಾಪ್‌ಟಾಪು ಚಾರ್ಜಿನ ವೈರಿಗೆ ಅಂಟಿಕೊಂಡೇ ನಿದ್ದೆ ಹೋಗಿತ್ತು. ಅದರೊಳಗೆ ಆ ಬೆಳಗಿನ ದನಿ ಇತ್ತು. ಅದನ್ನು ಯಾರೂ ಉಳಿಸಿಟ್ಟಿರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಗುರಸಿದ್ದವ್ವ ಆ ಕೋಣೆಯ ದೂಳು ಒರೆಸಲು ಬಂದಳು. ಮುಚ್ಚಳ ಎತ್ತಿದಳು. ನನ್ನನ್ನು ಒರೆಸುವಾಗ ಕೈ ಬಲಗುಂಡಿಗೆ ತಾಗಿತು. ಕೋಣೆ ತುಂಬ ಮಗಳ ದನಿ ಎದ್ದಿತು.

ಒರೆಸುವ ಬಟ್ಟೆ ನನ್ನ ಮೇಲೆಯೇ ಬಿತ್ತು. ಅವಳು ಗೋಡೆ ಹಿಡಿದು ಕೂತಳು. ಸುತ್ತು ಎಷ್ಟು ಸಲ ಬಂತೋ, ಅವಳು ಏಳಲಿಲ್ಲ.

ಸಂಜೆ ದಾವಲಸಾಬರನ್ನು ಕರೆಸಿದಳು. ಅವರು ಕೇಳಿ ತಲೆಯ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು. “ಅವ್ವಾ, ಇದು ಇನ್ನೂ ಉಳಿಸಿಟ್ಟಿದ್ದಲ್ಲ. ಕರೆಂಟ್ ಹ್ವಾದ ಮ್ಯಾಲೆ ಎಷ್ಟೊತ್ತು ಇರತೈತೋ ಹೇಳಾಕಾಗಂಗಿಲ್ಲ. ಕಂಪ್ಯೂಟರ್ ನನಗ ತಿಳಿಯಂಗಿಲ್ಲ. ನಾ ಮುಟ್ಟಿ ಕೆಡಸಿದ್ರ ಅಲ್ಲಾ ನನ್ನ ಕ್ಷಮಿಸಂಗಿಲ್ಲ. ನಾಳೆ ತಿಳದಾವ್ರನ್ನ ಕರಕೊಂಡ ಬರ್ತೀನಿ.”

“ಅಲ್ಲೀ ಮಟ ಕೇಳಬಹುದಲ್ರೀ?”

“ಬಲಕ್ಕ ಒಮ್ಮೆ ಒತ್ರಿ, ಹಾಡತೈತಿ. ಮತ್ತ ಒತ್ರಿ, ನಿಲ್ಲತೈತಿ. ಕಾಲ ಇಟ್ಟು ಮಾತ್ರ ಹಂಗ ನಿಂದರಬ್ಯಾಡ್ರಿ. ಅಳಸಿ ಹೊಕ್ಕೈತಿ.”

“ನಾ ಇದಕ್ಕ ಕಾಲು ಹಚ್ಚತೀನೇನ್ರಿ ಸಾಬ್ರ?” ಎಂದಳು ಗುರಸಿದ್ದವ್ವ.

ಆಕೆ ಆಡಿದ ಮಾತಿಗೆ ತಪ್ಪಲಿಲ್ಲ. ಮರುದಿನ ಬೆಳಿಗ್ಗೆ ಮಿಂದು, ಪೂಜೆ ಮುಗಿಸಿ, ವಿಭೂತಿಯ ಬಟ್ಟಲು ಹಿಡಿದು ಬಂದಳು. ನನ್ನನ್ನು ಒಂದು ಮಣೆಯ ಮೇಲೆ ಇರಿಸಿದಳು. ಬೆರಳಿನಿಂದ ಗುಂಡಿ ಒತ್ತಿ ಮಗಳ ದನಿ ಕೇಳಿದಳು. ನನ್ನ ನೆತ್ತಿಗೆ, ಗುಂಡಿಗಳಿಗೂ ವಿಭೂತಿ ಹಚ್ಚಿದಳು. ಆಮೇಲೆ ಮೊಣಕಾಲೂರಿ ಬಾಗಿ, “ನನ್ನವ್ವಾ, ನನ್ನ ಕೂಸಿನ ದನಿ ಕಾದಿ ನೀ” ಎನ್ನುತ್ತ ತನ್ನ ಹಣೆಯನ್ನು ನನಗೆ ಹಚ್ಚಿದಳು. ಹಣೆ ಬಲಗುಂಡಿಯ ಮೇಲೆಯೇ ಇತ್ತು. ಅವಳು ತಲೆ ಎತ್ತಲಿಲ್ಲ.

ನಾನು ತಗ್ಗಿದೆ. ತಗ್ಗುವುದಷ್ಟೇ ನನಗೆ ಗೊತ್ತು. ಕಾಲಿನ ಭಾರ ಯಾವುದು, ಹಣೆಯ ಭಾರ ಯಾವುದು ಎಂದು ತಿಳಿಯುವ ಅಂಗ ನನಗಿಲ್ಲ. ತಲೆ ಎತ್ತವ್ವಾ ಎಂದು ಕೂಗಲು ಬಾಯಿಲ್ಲ. ದನಿ ನಿಂತಿತು.

ಸುತ್ತು ಮುಗಿದಿರಬೇಕೆಂದು ಅವಳು ಕಾದಳು. ಬಲಗುಂಡಿ ಒತ್ತಿದಳು, ಮೌನ. ಮತ್ತೆ ಒತ್ತಿದಳು. ಗಾಬರಿಯಿಂದ ಎಡಗುಂಡಿ ಒತ್ತಿದಳು. ಲ್ಯಾಪ್‌ಟಾಪು ದನಿಯನ್ನು ಹಿಡಿಯತೊಡಗಿತು. ಅವಳು ಅದರ ಮುಖದ ಹತ್ತಿರ ಬಾಗಿ ಕರೆದಳು: “ಮುಕ್ತಾ... ಯವ್ವಾ ಮುಕ್ತಾ... ಸಿಟ್ಟ ಬಂತೇನs?” ಮತ್ತೆ ಎಡಗುಂಡಿಗೆ ಕೈ ಬಿತ್ತು.

ದಾವಲಸಾಬರು ಒಬ್ಬರನ್ನು ಕರೆದುಕೊಂಡು ಬಾಗಿಲಿಗೆ ಬಂದಾಗ ಮನೆಯೊಳಗಿಂದ ಕೇಳುತ್ತಿದ್ದದ್ದು ತಾಯಿಯ ದನಿ. ಕರೆಯುತ್ತಿತ್ತು, ಕೇಳುತ್ತಿತ್ತು, ಮತ್ತೆ ಮೊದಲಿನಿಂದ ಕರೆಯುತ್ತಿತ್ತು. ಗುರಸಿದ್ದವ್ವ ಬಾಯಿ ಮುಚ್ಚಿಕೊಂಡು ಎದುರಿಗೆ ಕೂತಿದ್ದಳು.

ಬಂದವರು ಲ್ಯಾಪ್‌ಟಾಪನ್ನು ಬಹಳ ಹೊತ್ತು ನೋಡಿ ತಲೆಯಾಡಿಸಿದರು. ದಾವಲಸಾಬರು ನನ್ನನ್ನು ನೋಡಿದರು. ನನ್ನ ಬಲಗುಂಡಿಯ ವಿಭೂತಿ ಅಳಿಸಿತ್ತು. ಅದರ ಗುರುತು ಅವಳ ಹಣೆಯ ವಿಭೂತಿ ಪಟ್ಟೆಗಳ ಕೆಳಗೆ, ಗುಂಡಿಯಷ್ಟೇ ದುಂಡಗೆ, ಕುಂಕುಮವಿಲ್ಲದ ಜಾಗದಲ್ಲಿ ಮೂಡಿತ್ತು. ಅವರಿಗೆ ಎಲ್ಲವೂ ತಿಳಿಯಿತು.

“ನನ್ನಿಂದ ಆತೇನ್ರಿ?” ಎಂದಳು ಅವಳು.

ದಾವಲಸಾಬರು ನನ್ನನ್ನು ಎತ್ತಿಕೊಂಡರು. “ಇಲ್ಲವ್ವಾ. ಈ ಪೆಟ್ಟಿಗಿನs ಹಾಳು. ಒಳಗ ಬೆಸುಗಿ ಬಿಟ್ಟೈತಿ. ತಂತಾನ ಒತ್ತಿಕೊಂಡೈತಿ. ನಾನs ಸರಿ ಮಾಡಿರ್ಲಿಲ್ಲ.”

ಅವಳು ಎದ್ದು ನಿಂತಳು. ಮೊದಲು ನನ್ನನ್ನು ಶಪಿಸಿದಳು, ಆಮೇಲೆ ಅವರನ್ನು. “ನಿಮ್ಮ ಕೈಯಾಗಿನ ಕಸಬು ಹಾಳಾಗಿ ಹೋಗ್ಲಿ. ನನ್ನ ಮಗಳನ್ನ ಎರಡನೇ ಸಲ ಕೊಂದ್ರಿ. ನಡೀರಿ ಹೊರಗ!” ಬೈಯುತ್ತ ಬೈಯುತ್ತ ಅವಳಿಗೆ ಅಳು ಬಂತು. ಮಗಳು ಹೋದಂದಿನಿಂದ ಅವಳು ಅತ್ತದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ಗುರಸಿದ್ದವ್ವ ದಾವಲಸಾಬರ ಅಂಗಡಿಯ ಓಣಿಯಲ್ಲಿ ಕಾಲಿಡಲಿಲ್ಲ. ಅವಳ ಮಾತು ಕೇಳಿದ ಭಜನೆಯವರು ತಮ್ಮ ಮೈಕುಗಳನ್ನು ಬೇರೆ ಕಡೆಗೆ ಒಯ್ದರು. ದಾವಲಸಾಬರು ಒಂದು ದಿನ ನನ್ನನ್ನು ಬಿಚ್ಚಿ ನೋಡಿದರು. ನನ್ನ ಬೆಸುಗೆಗಳೆಲ್ಲ ಗಟ್ಟಿಯಾಗಿಯೇ ಇದ್ದವು. ಮತ್ತೆ ಮುಚ್ಚಿದರು.

ವರುಷ ಕಳೆದ ಮೇಲೆ ಅವಳು ಅಂಗಡಿಯ ಮೆಟ್ಟಿಲ ಕೆಳಗೆ ಬಂದು ನಿಂತಳು. ಒಳಗೆ ಬರಲಿಲ್ಲ.

“ಆ ಪೆಟ್ಟಿಗಿ ಐತೇನ್ರಿ?”

“ಐತವ್ವಾ.”

“ರಿಪೇರಿ ಮಾಡಿ ಯಾರಿಗರ ಕೊಟ್ಟೀರಿ ಮತ್ತ. ಬ್ಯಾಡ್ರಿ. ಇನ್ನೊಬ್ಬರ ಮನಿ ಮಗಳ ದನಿ ಅದರಾಗ ಹೋಗಬಾರದು.”

“ಕೊಡಂಗಿಲ್ಲವ್ವಾ. ಕುಂದರ್ರಿ, ಚಾ ತರಸ್ತೀನಿ.”

“ಸಕ್ಕರಿ ಬ್ಯಾಡ್ರಿ” ಎಂದು ಮೆಟ್ಟಿಲ ಮೇಲೆ ಕೂತಳು.

ಈಗ ನಾನು ಕೆಟ್ಟ ಸ್ಪೀಕರುಗಳ ನಡುವೆ ಬಿದ್ದಿದ್ದೇನೆ. ಯಾರಾದರೂ ಕೇಳಿದರೆ ದಾವಲಸಾಬರು, “ಅದು ಕೆಟ್ಟದ್ದು” ಎನ್ನುತ್ತಾರೆ. ನಾನು ಕೆಟ್ಟಿಲ್ಲ. ಒತ್ತಿದರೆ ಇಂದಿಗೂ ಸರಿಯಾಗಿ ತಗ್ಗುತ್ತೇನೆ, ಬಿಟ್ಟರೆ ಮೇಲೇಳುತ್ತೇನೆ. ಆದರೂ ಆ ಮಾತು ಕೇಳಿದಾಗ ನನಗೆ ನೋವಿಲ್ಲ. ಒಬ್ಬ ತಾಯಿ ಮಾಡಿದ ನಮಸ್ಕಾರವನ್ನು ಈ ಲೋಕದಲ್ಲಿ ಯಾರೂ ತಪ್ಪೆಂದು ಕರೆಯಬಾರದು. ನನಗೆ ಭಾರ ಮಾತ್ರ ತಿಳಿಯಿತು, ಮನಸ್ಸು ತಿಳಿಯಲಿಲ್ಲ. ಮನಸ್ಸು ತಿಳಿಯುವವನೊಬ್ಬ ಮೇಲಿದ್ದಾನೆ ಎಂದು ಅವಳೂ ನಂಬಿದ್ದಾಳೆ, ದಾವಲಸಾಬರೂ ನಂಬಿದ್ದಾರೆ. ನಿಜ ಅವನೊಬ್ಬನಿಗೆ ಗೊತ್ತಿದ್ದರೆ ಸಾಕು. ಗುರಸಿದ್ದವ್ವನ ಕಿವಿಗೆ ಅದು ಎಂದೂ ಬೀಳದಿರಲಿ.