ಜಂಬಪ್ಪನ ಒಂದೇ ಭಾಷಣ

ಕಂಪ್ಲಿಯ ಜಂಬಪ್ಪ ನೆಲಜಲ ಪಕ್ಷದ ಮೈಕ್ ಮನುಷ್ಯ. ಸಭೆ ಎಲ್ಲೇ ಇರಲಿ, ಎಲ್ಲರಿಗಿಂತ ಮೊದಲು ವೇದಿಕೆ ಹತ್ತಿ ‘ಹಲೋ, ಹಲೋ’ ಎನ್ನುವುದು ಅವನ ಪಾಲು. ಮಾತೆಲ್ಲ ಅಧ್ಯಕ್ಷ ಸಿದ್ದಲಿಂಗೇಶರದು. ಜಂಬಪ್ಪನಿಗೂ ಒಂದು ಭಾಷಣ ಮಾಡಬೇಕೆಂಬ ಆಸೆ. ಅದನ್ನು ಬಾಯಿಪಾಠ ಮಾಡಿಕೊಂಡು ಆರು ವರ್ಷದಿಂದ ಹೆಂಡತಿ ದ್ಯಾಮಕ್ಕನ ಮುಂದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟಿಗೆ ಹೋಗುವಾಗ ಬಸ್ಸಿನ ಕಿಟಕಿಯ ಮುಂದೆ ಹೇಳಿಕೊಳ್ಳುತ್ತಿದ್ದ. ವೇದಿಕೆಯಲ್ಲಿ ಮಾತ್ರ ಅವನ ಸರದಿ ಬರಲೇ ಇಲ್ಲ.

ಸಿದ್ದಲಿಂಗೇಶರು ಸಂಡೂರಿನ ಅದಿರು ಲಾರಿಗಳ ಮಾಲೀಕರು. ದೊಡ್ಡ ಪಕ್ಷಗಳೆರಡೂ ಟಿಕೆಟ್ ಕೊಡದಿದ್ದಾಗ ಅವರಿಗೆ ಇದ್ದಕ್ಕಿದ್ದಂತೆ ಜನರ ಕಷ್ಟ ಕಾಣತೊಡಗಿತು. ಹೊಸ ಪಕ್ಷ ಕಟ್ಟಿದರು. ಜಂಬಪ್ಪನೂ ಸೇರಿ ನಲವತ್ತು ಜನರನ್ನು ಹೊಸಪೇಟೆಯ ಜಂಬುನಾಥನ ಗುಡ್ಡ ಹತ್ತಿಸಿ, ಬಿಲ್ವಪತ್ರೆ ಮುಟ್ಟಿಸಿ, ಸತ್ತರೂ ಪಕ್ಷ ಬಿಡುವುದಿಲ್ಲವೆಂದು ಆಣೆ ಮಾಡಿಸಿದರು.

ಮೊದಲ ಪುರಸಭೆ ಚುನಾವಣೆಯಲ್ಲೇ ಏಳು ಸೀಟು ಬಂದವು. ಬಹುಮತ ಯಾರಿಗೂ ಇಲ್ಲ. ಬೆಳಗಾದರೆ ಎರಡೂ ದೊಡ್ಡ ಪಕ್ಷದವರು ಮಿರ್ಚಿ ಮಂಡಕ್ಕಿ ಹಿಡಿದು ಇವರ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಆಮೇಲೆ ವಿಧಾನಸಭೆ ಚುನಾವಣೆ ಬಂತು, ಮೂರು ಕಡೆ ನಿಂತು ಮೂರು ಕಡೆಯೂ ಠೇವಣಿ ಹೋಯಿತು. ಜನರ ಕಷ್ಟವನ್ನು ಇನ್ನು ದೊಡ್ಡ ಪಕ್ಷದೊಳಗೇ ಇದ್ದು ನೋಡೋಣ ಎಂದರು ಸಿದ್ದಲಿಂಗೇಶರು.

ಎಲ್ಲರಿಗಿಂತ ಮೊದಲು ಜಿಗಿದವನು ಆಣೆ ಮಾಡಿದವರಲ್ಲೊಬ್ಬನಾದ ಕೆಂಚಣ್ಣ. ದೊಡ್ಡ ಪಕ್ಷದ ಶಾಲು ಹೊದ್ದು ಬೈಕಿನಲ್ಲಿ ಬರುವಾಗ ದರೋಜಿಯ ಹತ್ತಿರ ಕರಡಿ ಅಡ್ಡ ಬಂತು. ಬಿದ್ದು ಕಾಲು ಮುರಿದುಕೊಂಡ. ಆ ರಸ್ತೆಗೆ ಕರಡಿ ಹೊಸದೇನಲ್ಲ. ಆದರೂ ಉಳಿದವರು ಆಣೆಯೇ ಕಾಡುತ್ತಿದೆ ಎಂದು ಗುಡ್ಡದ ಪೂಜಾರಿಯ ಹತ್ತಿರ ಓಡಿದರು.

“ಕೂಡಿ ಮಾಡಿದ ಆಣಿ ಕೂಡೇ ಬಿಡಬೇಕ್ರಿ. ಒಬ್ಬ ಕಡಿಮಿ ಆದ್ರೂ ನಡಿಯಂಗಿಲ್ಲ,” ಎಂದ ಪೂಜಾರಿ.

ಎಲ್ಲರೂ ಹೂಂ ಅಂದರು. ಜಂಬಪ್ಪ ಒಬ್ಬನೇ ಒಲ್ಲೆ ಎಂದ.

ಅಲ್ಲಿಯವರೆಗೆ ಅವನ ಮನೆ ಯಾವ ಓಣಿಯಲ್ಲಿದೆ ಎಂದೂ ಅರಿಯದ ಸಿದ್ದಲಿಂಗೇಶರು ಕಾರು ಇಳಿದು ಬಂದು ಅವನ ಕಟ್ಟೆಯ ಮೇಲೆ ಕುಳಿತರು.

“ಏನ್ ಬೇಕಲೇ ನಿನಗ?”

“ಏನೂ ಬ್ಯಾಡ್ರಿ ಸಾವ್ಕಾರ. ಒಂದು ಸಭಾ, ಅದರಾಗ ನಂದೊಂದು ಭಾಷಣ. ಆಮ್ಯಾಲ ಆಣಿ ಬಿಡಾಕ ಬರ್ತೀನಿ.”

“ಇಷ್ಟಕ್ಕ ಇಷ್ಟು ಹಟ ಏನು? ಮಾಡು, ಜಲ್ದಿ ಮಾಡು.”

ಪಕ್ಷದ ಕೊನೆಯ ಸಭೆ ಕಂಪ್ಲಿಯಲ್ಲಿ ಸೇರಿತು. ಜಂಬಪ್ಪ ಮೈಕ್ ಹಿಡಿದು ರೂಢಿಯಂತೆ ‘ಹಲೋ’ ಎಂದ. ಆಗ ಅವನಿಗೆ ಹೊಳೆಯಿತು: ತನಗೆ ಬರುವುದು ಒಂದೇ ಭಾಷಣ, ಅದು ಸಿದ್ದಲಿಂಗೇಶರಿಗೆ ಓಟು ಕೇಳುವ ಭಾಷಣ. ನಿಂತ ನಿಲುವಿನಲ್ಲಿ ಬೇರೆ ಮಾತು ಎಲ್ಲಿಂದ ತರುವುದು? ಅದನ್ನೇ ಹೇಳಿದ.

“ಕಾಲುವಿ ಕೊನೀ ಹೊಲಕ್ಕ ನೀರಿಲ್ಲ. ಸಂಡೂರಾಗ ತೊಳದ ಬಟ್ಟಿ ಒಣಗೂದ್ರಾಗ ಅದಿರು ಧೂಳಿಗೆ ಕೆಂಪಕ್ಕಾವು. ಆ ಎರಡು ಪಕ್ಷದವರು ಎಷ್ಟು ಸಲ ಬಂದ್ರು, ಏನ್ ಮಾಡಿದ್ರು? ನಮ್ಮ ಸಾವ್ಕಾರ್ರು ಕುರ್ಚಿಗೆ ಮಾರಿಕೊಳ್ಳೋ ಮನುಷ್ಯ ಅಲ್ರಿ. ಇವರು ನಮ್ಮನ್ನ ಬಿಟ್ಟು ಹೋದ್ರ ತುಂಗಭದ್ರಿ ಹಿಂದಕ್ಕ ಹರದಂಗ!”

ಮೊದಲಿಗೆ ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ. ಕೆಂಚಣ್ಣ ಪ್ಲಾಸ್ಟರ್ ಕಾಲು ಚಾಚಿಕೊಂಡೇ ಚಪ್ಪಾಳೆ ತಟ್ಟಿದ. ದ್ಯಾಮಕ್ಕ ಕಣ್ಣೊರೆಸಿಕೊಂಡಳು. ಸಿದ್ದಲಿಂಗೇಶರು ತಲೆ ಎತ್ತಲಿಲ್ಲ. ಜಂಬಪ್ಪನಿಗೆ ಜನ್ಮ ಸಾರ್ಥಕವಾದಂತಾಯಿತು, ಮರುಗಳಿಗೆಯೇ ಸಂಕಟವೂ ಆಯಿತು. ಈ ಮಾತನ್ನೆಲ್ಲ ಇಷ್ಟು ವರ್ಷ ನಂಬಿದವನು ತಾನೊಬ್ಬನೇ ಇರಬೇಕು ಅನ್ನಿಸಿತು.

ಕೊಟ್ಟ ಮಾತು ಮಾತೇ. ಮರುದಿನ ನಲವತ್ತೂ ಜನ, ಕೆಂಚಣ್ಣನನ್ನು ಹೊತ್ತುಕೊಂಡು, ಗುಡ್ಡ ಹತ್ತಿ ಆಣೆ ಬಿಟ್ಟರು. ಮೆಟ್ಟಿಲಿಳಿಯುವಾಗ ಸಿದ್ದಲಿಂಗೇಶರು ಜಂಬಪ್ಪನ ಹೆಗಲ ಮೇಲೆ ಕೈಯಿಟ್ಟರು.

“ಇಷ್ಟು ಚಂದ ಮಾತಾಡ್ತಿ ಅಂತ ಗೊತ್ತೇ ಇರಲಿಲ್ಲಲೇ. ಎಲೆಕ್ಷನ್‌ದಾಗ ಹಿಂಗ ಹೇಳಿದ್ರ ಗೆದ್ದೇ ಬಿಡ್ತಿದ್ವಿ.”

“ಆವಾಗ ನೀವು ಮೈಕ್ ಬಿಡಲಿಲ್ರಿ,” ಎಂದ ಜಂಬಪ್ಪ, ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ.