ಎರ್ಮಾಳಿನ ಏಳನೇ ಬಾವಿ

2025ರ ನವೆಂಬರ್ 15, ಶನಿವಾರ, ಬೆಳಿಗ್ಗೆ 7 ಗಂಟೆ 40 ನಿಮಿಷ. ಕಾಪುವಿನ ಕಡಲ ಬದಿಯ ಬಾಡಿಗೆ ಮನೆಯ ಜಗಲಿಯಲ್ಲಿ ಲೊರ್ನಾ ಚಹಾ ಕುಡಿಯುತ್ತಿದ್ದಳು. ಜಿತೇಶ್ ನಗುತ್ತಾ ಬಂದು ಅವಳ ಮುಂದೆ ಫೋನು ಹಿಡಿದ.

"ಒಬ್ಬನೇ ಮನುಷ್ಯ ನಿನ್ನೆ ಸಂಜೆಯಿಂದ ಅರವತ್ತೊಂದು ಸಲ ನಿನ್ನ ಪಟ್ಟಿ ತೆರೆದಿದ್ದಾನೆ ಮಾರಾಯ್ತಿ. ಇಂಥ ಅಭಿಮಾನಿ ನನಗೆ ಒಬ್ಬನೂ ಇಲ್ಲ."

"ಯಾವ ಪಟ್ಟಿ?"

ಯಾವ ಪತ್ರಿಕೆಯ ಹಂಗೂ ಇಲ್ಲದೆ ತಮ್ಮದೇ ಇ-ಮೇಲ್ ನ್ಯೂಸ್‌ಲೆಟರ್ ನಡೆಸುವ ಏಳು ಮಂದಿ ಮೂರು ದಿನದ ಶಿಬಿರಕ್ಕೆಂದು ಅಲ್ಲಿ ಸೇರಿದ್ದರು. ಮೊದಲ ದಿನವೇ ಪ್ರತಿಯೊಬ್ಬರೂ ಅರ್ಧಕ್ಕೆ ನಿಂತ ಕೆಲಸವನ್ನು ಎಲ್ಲರಿಗೂ ಓದಲು ಕೊಡಬೇಕು, ಉಳಿದವರು ಮುಲಾಜಿಲ್ಲದೆ ತಪ್ಪು ಹುಡುಕಬೇಕು. ಅವರ ಸ್ನೇಹ ಬೆಳೆದದ್ದೇ ಹಾಗೆ. ಕಾರ್ಕಳದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ ಬಿಟ್ಟಿದ್ದ ಲೊರ್ನಾ, ಎರ್ಮಾಳಿನ ಒಂಬತ್ತು ಬಾವಿಗಳ ನೀರಿನ ಪಟ್ಟಿ ಕೊಟ್ಟಿದ್ದಳು. ಪಕ್ಕದಲ್ಲಿ ಮೀನು ಒಣಗಿಸಿ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆ ಶುರುವಾದ ಮೇಲೆ ಆ ನೀರು ಕೆಟ್ಟದ್ದರ ಲೆಕ್ಕ ಅದು. ಜಿತೇಶನಿಗೆ ಪಟ್ಟಿ ಎಷ್ಟು ಹಿಡಿಸಿತೆಂದರೆ, ಶುಕ್ರವಾರದ ತನ್ನ ಸಂಚಿಕೆಯಲ್ಲಿ ಎರಡು ಸಾಲು ಹೊಗಳಿ ಅದರ ಲಿಂಕನ್ನೂ ಸೇರಿಸಿಬಿಟ್ಟಿದ್ದ. ಯಾರು ಎಷ್ಟು ಸಲ ಅದನ್ನು ತೆರೆದರೆಂಬ ಲೆಕ್ಕ ಅವನ ಫೋನಿಗೆ ಬರುತ್ತಿತ್ತು. ಹೇಗೂ ಅದರಲ್ಲಿ ಯಾರ ಹೆಸರೂ ಇರಲಿಲ್ಲವಲ್ಲ.

ಹೆಸರು ಇರಲಿಲ್ಲ ನಿಜ. ಏಳನೇ ಬಾವಿ ಸುಗಂಧಿಯದು. ಅವಳ ಗಂಡ ಭುಜಂಗ ಅದೇ ಕಾರ್ಖಾನೆಯ ಲಾರಿ ಚಾಲಕ. ಬಾಟಲಿಗೆ ನೀರು ತುಂಬಿಸಿ ಕೊಡುವಾಗ ಅವಳು ಕೇಳಿದ್ದು ಒಂದೇ ಮಾತು, ಮನೆ ಯಾವುದೆಂದು ಯಾರಿಗೂ ಗೊತ್ತಾಗಬಾರದು. ಲೊರ್ನಾ ಮಾತು ಕೊಟ್ಟಿದ್ದಳು. ಆದರೆ ಹೆಸರಿನ ಕಾಲಂ ಅಳಿಸಿದವಳು, ಅಳತೆಯ ಒಂದು ಅಂಕಿಯನ್ನೂ ಬಿಡಬೇಡಿ ಎಂದು ಹತ್ತು ವರ್ಷ ವಿದ್ಯಾರ್ಥಿಗಳಿಗೆ ಕಲಿಸಿದ ಅಭ್ಯಾಸದಲ್ಲಿ, ಅಕ್ಷಾಂಶ ರೇಖಾಂಶಗಳನ್ನು ಐದು ದಶಮಾಂಶದವರೆಗೆ, ಅಂದರೆ ಸುಮಾರು ಒಂದು ಮೀಟರಿನಷ್ಟು ಕರಾರುವಾಕ್ಕಾಗಿ, ಉಳಿಸಿಕೊಂಡಿದ್ದಳು. ಅದನ್ನು ಫೋನಿಗೆ ಹಾಕಿದವನನ್ನು ಫೋನೇ ಬಾವಿಯ ಬುಡಕ್ಕೆ ಕರೆದೊಯ್ಯುತ್ತದೆ. ತಪ್ಪು ಹುಡುಕಲು ಕೂತ ಆರು ಮಂದಿಗೂ ಅದು ಹೊಳೆದಿರಲಿಲ್ಲ.

ವಿಷಯ ಕೇಳಿ ಜಿತೇಶನ ನಗು ನಿಂತಿತು. ಲಿಂಕನ್ನು ತಕ್ಷಣ ತೆಗೆದ. ಪಟ್ಟಿಯನ್ನು ಇಳಿಸಿಕೊಂಡವರಿಂದ ವಾಪಸ್ ತರುವ ದಾರಿ ಅವನಿಗೂ ತಿಳಿದಿರಲಿಲ್ಲ. ಸುಗಂಧಿ ಫೋನು ಎತ್ತಲಿಲ್ಲ. ಲೊರ್ನಾ ಸ್ಕೂಟರ್ ಹತ್ತಿದಳು. ಉಚ್ಚಿಲ ದಾಟುವಾಗ ಮತ್ತೊಮ್ಮೆ ಮಾಡಿದಳು. ಆಗಲೂ ಎತ್ತಲಿಲ್ಲ.

ಸುಗಂಧಿ ಅಂಗಳದಲ್ಲೇ ನಿಂತಿದ್ದಳು. ಭುಜಂಗನನ್ನು ಬೆಳಿಗ್ಗೆ ಆರೂವರೆಗೆ ಕಾರ್ಖಾನೆಯ ಆಫೀಸಿಗೆ ಕರೆಸಿಕೊಂಡಿದ್ದರಂತೆ. ಈಗ ಅವನ ಫೋನು ಸ್ವಿಚ್ ಆಫ್. ಅವನು ಹೊರಟ ಬೆನ್ನಿಗೇ ಇಬ್ಬರು ಬಂದಿದ್ದರಂತೆ.

"ಯಾರ ಮನೆ ಅಂತ ಕೇಳಲಿಲ್ಲ. ಫೋನು ನೋಡಿಕೊಂಡು ಸೀದಾ ಬಂದು ಇಲ್ಲಿ ನಿಂತರು. ನೀವು ನನ್ನ ಹೆಸರು ಬರೆದಿದ್ದೀರಾ?"

"ಇಲ್ಲ ಸುಗಂಧಿಯಕ್ಕ."

"ಮತ್ತೆ ಎಂತ ಬರೆದದ್ದು?"

"ಜಾಗ."

ಸುಗಂಧಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಆ ಇಬ್ಬರು ನಿಂತಿದ್ದ ಜಾಗವನ್ನು ಕಾಲಿನಿಂದ ತೋರಿಸಿದಳು. ನೆಲದಲ್ಲಿ ಕೆಂಪು ಬಣ್ಣದಿಂದ ಒಂದು ಗುರುತು ಹಾಕಿದ್ದರು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಬೇರೇನು ಮಾಡಬೇಕೆಂದು ತೋಚದೆ ಲೊರ್ನಾ ಚೀಲದಿಂದ ಬಾವಿ ಅಳೆಯುವ ಟೇಪು ತೆಗೆದಳು. ಅದರ ಇನ್ನೊಂದು ತುದಿಯನ್ನು ಸುಗಂಧಿಯೇ ಹಿಡಿದುಕೊಂಡು ಬಗ್ಗಿದಳು.

ಗುರುತಿನಿಂದ ಬಾವಿಕಟ್ಟೆಗೆ ಎಂಬತ್ತು ಸೆಂಟಿಮೀಟರ್.